ಪರದೆಗೆ ಬಾರದ ಮುಖ

22 ನವೆಂಬರ್ 2007, ಗುರುವಾರ

ಜೈಲಿನ ಕಂಪ್ಯೂಟರಿನಲ್ಲಿ ಲಿನಕ್ಸ್, ನಮ್ಮ ಕೋರ್ಟಿನದರಲ್ಲಿ ವಿಂಡೋಸ್. ಎರಡೂ ಹೊಂದದೆ ಇವತ್ತೂ ವಿಡಿಯೋ ವಿಚಾರಣೆಯಲ್ಲಿ ಆರೋಪಿಯ ಚಿತ್ರ ಬರಲಿಲ್ಲ, ದನಿ ಮಾತ್ರ ಬಂತು.

"ಚಂದ್ರಮೋಹನ್, ಅಲ್ಲಿ ಯಾರಾದರೂ ಹೊಡೆದರಾ?" ಎಂದು ಕೇಳಿದೆ. ತುಸು ತಡೆದು, "ಇಲ್ಲ ಮೇಡಂ" ಎಂದ. ಪಕ್ಕದಲ್ಲಿ ಯಾರು ನಿಂತಿದ್ದರೋ. ಬಂಧನವನ್ನು ಇನ್ನೂ ಹದಿನಾಲ್ಕು ದಿನ ಮುಂದುವರಿಸಿದೆ. ಆದೇಶದಲ್ಲಿ ಎಂದಿನ ಸಾಲೇ: 'ಆರೋಪಿಯನ್ನು ವಿಡಿಯೋ ಮೂಲಕ ನೋಡಲಾಯಿತು.' ಸಹಿ ನನ್ನದು.

ಸಂಜೆ ಕಾರು ಹತ್ತುವಾಗ ಅವನ ತಾಯಿ ಮುನಿಗಂಗಮ್ಮ ಎದುರಾದಳು. ಮಗನನ್ನು ಕೋರ್ಟಿಗೆ ಕರೆತರುತ್ತಾರೆಂದು ನಂಬಿ, ಅವನನ್ನು ನೋಡಲೆಂದೇ ನಂಗಲಿಯಿಂದ ಬಂದಿದ್ದಳು.

"ನೀವಾದ್ರೂ ನೋಡಿದ್ರಲ್ಲಮ್ಮಾ, ಹೆಂಗವ್ನೆ?"

"ಚೆನ್ನಾಗಿದ್ದಾನೆ."

"ಗಡ್ಡ ಬಿಟ್ಟವ್ನಾ?"

"ಇಲ್ಲ" ಎಂದೆ. ಅವಳ ಮುಖ ಅರಳಿತು.

ಇಲ್ಲ ಎನ್ನುವ ಮೊದಲು ಅವನು ತಡೆದಿದ್ದ. ನಾನು ಅಷ್ಟೂ ತಡೆಯಲಿಲ್ಲ.