ಕೈಮದ್ದು

ಕ್ಯಾರಿ, ನಾರ್ತ್ ಕ್ಯಾರೊಲೈನಾ
ಭಾನುವಾರ, ಅಕ್ಟೋಬರ್ ೧೫, ೨೦೨೩

ಪ್ರೀತಿಯ ಅಮ್ಮನಿಗೆ,

ಅಲಮೇಲುವಿನ ನಮಸ್ಕಾರ. ನಿನ್ನ ಎರಡು ಕಾಗದಗಳಿಗೂ ಉತ್ತರ ಬರೆಯದೆ ಕೂತಿದ್ದಕ್ಕೆ ಬೇಕಾದಷ್ಟು ಬೈದುಕೋ. ಇಲ್ಲಿ ಪ್ರತಾಪ್ ಕ್ಷೇಮ, ನಿನ್ನ ಮೊಮ್ಮಗಳು ಅಮೂಲ್ಯಾ ಕ್ಷೇಮ, ನಾನು ಮಾತ್ರ ಕೆಂಡವಾಗಿದ್ದೇನೆ. ಇವತ್ತು ನವರಾತ್ರಿ ಶುರು, ಬೊಂಬೆಗಳ ಡಬ್ಬ ಇನ್ನೂ ಗರಾಜಿನಿಂದ ಒಳಗೆ ಬಂದಿಲ್ಲ. ಫೋನಿನಲ್ಲಿ ಹೇಳೋಣವೆಂದರೆ ನೀನು "ಹೋಗ್ಲಿ ಬಿಡೇ, ಬಿಪಿ ಜಾಸ್ತಿಯಾಗತ್ತೆ" ಎಂದು ಮಾತು ತಿರುಗಿಸುತ್ತೀಯ. ಕಾಗದದಲ್ಲಾದರೆ ನೀನು ನಡುವೆ ಬಾಯಿ ಹಾಕುವಂತಿಲ್ಲ.

ನೇರವಾಗಿ ಹೇಳಿಬಿಡುತ್ತೇನೆ. ನಿನ್ನ ಫೋಟೋವನ್ನು ದನದ ಮೇವಿನ ಚೀಲದ ಮೇಲೆ ಹಾಕಿದ್ದಾರೆ.

ಹಾಕಿದವರು ನನ್ನ ಬಾಸ್ ಬದರಿನಾಥ. ನೀನು ಇಲ್ಲಿಗೆ ಬಂದಿದ್ದಾಗ ಯುಗಾದಿ ಊಟಕ್ಕೆ ಬಂದು, ಮತ್ತೆ ಮತ್ತೆ ಪುಳಿಯೋಗರೆ ಹಾಕಿಸಿಕೊಂಡರಲ್ಲ, ಅವರೇ. ಅವತ್ತು ನೀನು ಟೀಗೆ ಶುಂಠಿ ಜಜ್ಜುತ್ತಿದ್ದಾಗ "ಆಂಟಿ, ಒಂದ್ ಸ್ಮೈಲ್" ಎಂದು ತೆಗೆದ ಚಿತ್ರ. ಹಿಂದಿದ್ದ ನಮ್ಮ ಫ್ರಿಜ್ಜನ್ನು ಅಳಿಸಿ ಅಲ್ಲೊಂದು ಹಸು ನಿಲ್ಲಿಸಿದ್ದಾರೆ. ಮೈಸೂರಿನ ರಸ್ತೆಯಲ್ಲಿ ಹಸು ಕಂಡರೆ ಎದುರಿನ ಫುಟ್‌ಪಾತಿಗೆ ದಾಟುವವಳು ನೀನು! ಕೆಳಗೆ ಇಂಗ್ಲಿಷಿನಲ್ಲಿ ಒಂದು ಕಥೆ: ಓದುಬರಹ ಬಾರದ ಹಳ್ಳಿಯ ಅಜ್ಜಿ ಮಲ್ಲಮ್ಮ ತನ್ನ ಹಸುಗಳಿಗೆ ಕೊಡುತ್ತಿದ್ದ ಗುಟ್ಟಿನ ಔಷಧಿಯಂತೆ ಇದು. ಮಲ್ಲಮ್ಮ ಎಂಬ ಹೆಸರಿನ ಮೇಲೆ ನನಗೇನೂ ಸಿಟ್ಟಿಲ್ಲ. ಆದರೆ ನಿವೃತ್ತಿಯಾಗುವ ತನಕ ಕಾಲೇಜಿನ ಹುಡುಗಿಯರಿಗೆ ಕೆಮಿಸ್ಟ್ರಿ ಕಲಿಸಿದ ಶೈಲಜಾ ಮೇಡಂ ಹೆಬ್ಬೆಟ್ಟು ಯಾವಾಗ ಆದರು?

ಆ ಔಷಧಿ ಯಾವ ಅಜ್ಜಿಯದೂ ಅಲ್ಲ, ನನ್ನದು. ಹಸು ಮೆಲುಕು ಹಾಕುತ್ತಾ ತೇಗುತ್ತದಲ್ಲ, ಆ ತೇಗಿನ ಮೀಥೇನ್ ಲೋಕವನ್ನೇ ಬಿಸಿ ಮಾಡುತ್ತಿದೆ. ಹಸುವಿನ ಹೊಟ್ಟೆಯಲ್ಲಿ ಅದನ್ನು ಹುಟ್ಟಿಸುವ ಸೂಕ್ಷ್ಮಜೀವಿ ಯಾವುದಕ್ಕೆ ಬಗ್ಗುತ್ತದೆ ಎಂದು ಹುಡುಕಿದವಳು ನಾನು. ಅಂಟುವಾಳದ ಸಿಪ್ಪೆ, ಬೆಳ್ಳುಳ್ಳಿ, ಓಮ. ಅಂಟುವಾಳ ಜಾಸ್ತಿಯಾದರೆ ಹಸು ಮೇವನ್ನೇ ಮುಟ್ಟುವುದಿಲ್ಲ, ಬೆಳ್ಳುಳ್ಳಿ ಜಾಸ್ತಿಯಾದರೆ ಹಾಲು ನಾರುತ್ತದೆ. ಹದ ಸಿಗುವ ತನಕ ಚಳಿಗಾಲವೆಲ್ಲ ಫಾರ್ಮಿನ ಕೊಟ್ಟಿಗೆಯಲ್ಲಿ ಹಸುಗಳ ತೇಗು ಅಳೆಯುತ್ತಾ ನಿಂತಿದ್ದೆ. ಅಮೂಲ್ಯಾ ಕಾರು ಹತ್ತಿದ ಕೂಡಲೇ "ಅಮ್ಮಾ, ಯು ಸ್ಮೆಲ್! ವಿಂಡೋ ಓಪನ್ ಮಾಡು" ಎನ್ನುತ್ತಿದ್ದಳು. ಕೊನೆಗೆ ತೇಗಿನ ಮೀಥೇನ್ ಕಡಿಮೆಯಾಯಿತು, ಹಾಲು ಕಡಿಮೆಯಾಗಲಿಲ್ಲ. ಈಗ ನೋಡಿದರೆ ಚೀಲದ ಮೇಲೆ ನನ್ನ ಹೆಸರೇ ಇಲ್ಲ. ಕೇಳಿದ್ದಕ್ಕೆ ಬದರಿನಾಥ ಹೇಳಿದ್ದು ಇದು: "ನೋಡು ಅಲಮೇಲು, ನೀನು ನಮ್ಮೋಳು ಅಂತ ಹೇಳ್ತಿದೀನಿ. ಲ್ಯಾಬ್ ಅಂದ್ರೆ ಫಾರ್ಮರ್ಸ್ ಕೆಮಿಕಲ್ ಅಂತ ಹೆದರ್ಕೋತಾರೆ. ಸೈನ್ಸ್ ಸೆಲ್ ಆಗಲ್ಲಮ್ಮ, ಗ್ರ್ಯಾಂಡ್‌ಮಾ ಸೆಲ್ ಆಗ್ತಾಳೆ."

ಇಷ್ಟೇ ಆಗಿದ್ದರೆ ಹಲ್ಲು ಕಚ್ಚಿಕೊಂಡು ಇರುತ್ತಿದ್ದೆನೇನೋ. ಇಟ್ಟಿರುವ ಹೆಸರು ಕೇಳು: ಕೈಮದ್ದು! ನಿನ್ನ ಗಲ್ಲದ ಕೆಳಗೆ ದಪ್ಪ ಅಕ್ಷರದಲ್ಲಿ. ಕಾನ್ವೆಂಟಿನಲ್ಲಿ ಓದಿದ ಮಹಾಶಯರು ಕೈ ಅಂದರೆ ಹ್ಯಾಂಡ್, ಮದ್ದು ಅಂದರೆ ಮೆಡಿಸಿನ್ ಎಂದು ಕೂಡಿಸಿದ್ದಾರೆ. ನಿನ್ನೆ ಗೆಳತಿ ರಚನಾಳ ಮನೆಯ ಪಾಟ್‌ಲಕ್ ಊಟಕ್ಕೆ ಆ ಚೀಲವನ್ನು ಹೊತ್ತು ತಂದು ಮೆರೆಸಿದರು. ರಚನಾಳ ಅತ್ತೆ ಶಿವಕ್ಕ ಮಂಡ್ಯದವರು. ಅವರು ಎದೆಯ ಮೇಲೆ ಕೈಯಿಟ್ಟುಕೊಂಡರು.

"ಅಯ್ಯೋ ಶಿವನೇ, ಕೈಮದ್ದಾ? ಯಾರ್ಗಪ್ಪಾ ಇಕ್ಕಕ್ಕೆ? ಆಗದೋರ್ಗೆ ಅನ್ನದಲ್ಲಿ ಗುಟ್ಟಾಗಿ ಕಲ್ಸಿ ಇಕ್ತಾರಲ್ಲ, ಆ ವಿಸಾನೇ ಕೈಮದ್ದು ಅಂದ್ರೆ!" ಆಮೇಲೆ ಚಿತ್ರ ನೋಡಿ, "ಇವ್ರು ನಿಮ್ಮವ್ವಾರಲ್ವಾ?" ಎಂದು ನನ್ನ ಕಡೆ ತಿರುಗಿದರು. ಇದ್ದವರೆಲ್ಲ ಗೊಳ್ಳೆಂದು ನಕ್ಕರು. ನಾನು ಮುಖ ಎಲ್ಲಿಟ್ಟುಕೊಳ್ಳಲಿ ಅಮ್ಮಾ? ಅನ್ನದಲ್ಲಿ ವಿಷ ಕಲಸುವವಳ ಪಟ್ಟ, ಅದೂ ನಿನಗೆ!

ಬದರಿನಾಥರಿಗೆ ನಾಚಿಕೆಯಾದರೂ ಆಯಿತೇ? "ಓ, ಹಂಗಾ? ಫನ್ನಿ! ಬಿಡಿ ಆಂಟಿ, ಇಲ್ಲಿ ಯಾರಿಗೆ ಗೊತ್ತಾಗತ್ತೆ" ಎಂದು ಇನ್ನೊಂದು ವಡೆ ತೆಗೆದುಕೊಂಡರು. ಮೂರೂ ಬಿಟ್ಟವರು.

ನಾಳೆ ರಿಸರ್ಚ್ ಟ್ರಯಾಂಗಲ್ ಪಾರ್ಕಿನ ಆಫೀಸಿಗೆ ಹೋಗಿ, ಅಮ್ಮನ ಚಿತ್ರ ತೆಗೆಯಿರಿ, ಇಲ್ಲವಾದರೆ ನನ್ನ ರಾಜೀನಾಮೆ ಹಿಡಿಯಿರಿ ಎನ್ನುತ್ತೇನೆ. ಪ್ರತಾಪ್‌ಗೆ ಹೆದರಿಕೆ. "ಗ್ರೀನ್ ಕಾರ್ಡ್‌ಗೆ ಅಪ್ಲೈ ಮಾಡಿರೋದೇ ನಿಮ್ಮ ಕಂಪನಿ ಕಣೆ. ನೀನು ಬಿಟ್ರೆ ಎಲ್ಲಾ ಪ್ಯಾಕ್ ಮಾಡ್ಬೇಕು" ಎಂದ. ಅವನು ಇಲ್ಲಿರುವುದೂ ನನ್ನ ವೀಸಾದ ಮೇಲೆಯೇ, ಹೆದರುವುದು ನ್ಯಾಯವೇ. ಆದರೂ ಪ್ಯಾಕ್ ಮಾಡೋಣ ಎಂದೆ. ಅನ್ನ ಕೊಟ್ಟರೆಂದು ಅಮ್ಮನನ್ನೂ ಕೊಟ್ಟುಬಿಡಲೇ? ನಿನ್ನನ್ನು ಒಂದು ಮಾತು ಕೇಳದೆ ನಿನ್ನ ಮುಖ ಎತ್ತಿಕೊಂಡು ಹೋದರಲ್ಲ, ಅದಕ್ಕೇ ನನ್ನ ಹೊಟ್ಟೆ ಉರಿಯುವುದು.

ಪ್ರತಿಭಾ ಅಕ್ಕನಿಗೆ ನನ್ನ ನೆನಪು ಹೇಳು. ನಾಳೆ ನನ್ನ ಬಾಯಿಂದ ಆಡಬಾರದ್ದು ಬರದಿರಲಿ, ಆಡಬೇಕಾದ್ದು ಒಳಗೇ ಉಳಿಯದಿರಲಿ ಎಂದು ಹರಸು.

ನಿನ್ನ ಮುಂಗೋಪಿ ಮಗಳು,
ಅಲಮೇಲು

ತಾ.ಕ.: ಸೋಮವಾರ ಸಂಜೆ. ಕವರು ಅಂಟಿಸದೆ ಇದ್ದದ್ದು ಒಳ್ಳೆಯದಾಯಿತು. ಬದರಿನಾಥ ಟೀ ಕುಡಿಯುತ್ತಾ ನನ್ನ ಕೂಗಾಟವನ್ನೆಲ್ಲ ಕೇಳಿಸಿಕೊಂಡರು. ಆಮೇಲೆ ಫೋನ್ ತೆಗೆದು, ಜುಲೈನಲ್ಲಿ ಅವರು ಒಪ್ಪಿಗೆ ಕೇಳಿದ್ದಕ್ಕೆ ನೀನು ಕಳಿಸಿದ ವಾಯ್ಸ್ ಮೆಸೇಜ್ ಕೇಳಿಸಿದರು. "ಫೋಟೋ ತಾನೆ, ಹಾಕ್ಕೊಳ್ಳಿ. ಕೈಮದ್ದು ಅಂದ್ರೆ ನಮ್ಮಲ್ಲಿ ಅರ್ಥ ಕೆಟ್ಟದ್ದು. ಹೋಗ್ಲಿ, ಅಲ್ಲಿ ಯಾರಿಗೆ ಗೊತ್ತಾಗತ್ತೆ. ಅಲಮೇಲುಗೆ ಮಾತ್ರ ಹೇಳ್ಬೇಡಿ, ಕೂಗಾಡ್ತಾಳೆ. ಅವಳ ಗ್ರೀನ್ ಕಾರ್ಡ್ ಒಂದು ಆಗೋ ಹಾಗೆ ನೋಡ್ಕೊಳ್ಳಿ." ಎಲ್ಲ ಗೊತ್ತಿದ್ದೂ ಮೊನ್ನೆ ಆ ಮನುಷ್ಯ ಶಿವಕ್ಕನ ಮುಂದೆ ನಾಟಕ ಆಡಿದ್ದಾರೆ. ಅವರ ಮೇಲೆ ಕೋಪಿಸಿಕೊಳ್ಳುವ ಶಕ್ತಿಯೂ ಈಗ ನನ್ನಲ್ಲಿಲ್ಲ. ನನಗೋಸ್ಕರ ಇಷ್ಟು ಅಗ್ಗವಾಗು ಎಂದು ನಿನಗೆ ಯಾರು ಹೇಳಿದರು ಅಮ್ಮಾ? ರಾಜೀನಾಮೆ ಕೊಡಲು ಕೈ ಬರಲಿಲ್ಲ. ನಾಳೆ ಫಾರ್ಮಿಗೆ ಮೊದಲ ಚೀಲಗಳು ಹೋಗುತ್ತವೆ. ನಿನ್ನ ಮುಖವನ್ನು ವ್ಯಾನಿಗೆ ತುಂಬಿಕೊಂಡು ಡ್ರೈವ್ ಮಾಡಬೇಕಾದವಳು ನಾನೇ.