ಪರದೆಗಳ ಅಧ್ಯಾಯ

ಯೆರ್ಸೆಕೆ,
೧೬ ನವೆಂಬರ್ ೧೯೬೮, ಶನಿವಾರ

ಪ್ರೀತಿಯ ನೆಲ್ಲಾ,

ನಿನ್ನ ಕಾಗದ ಬುಧವಾರವೇ ಕೈಸೇರಿತು. ಮಗುವಿಗೆ ಎರಡನೇ ಹಲ್ಲು ಬಂತೆಂದು ಓದಿ ನಿಮ್ಮಪ್ಪ ಊಟದ ನಡುವೆಯೇ ನಕ್ಕುಬಿಟ್ಟರು. ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಈ ಸಲ ಪಚ್ಚಿಲೆ ಚಿಪ್ಪುಮೀನು ದಪ್ಪದಪ್ಪವಾಗಿ ಬಂದಿದೆ, ಬೀದಿಯುದ್ದಕ್ಕೂ ಚಿಪ್ಪಿನ ವಾಸನೆ. ಉಟ್ರೆಕ್ಟಿನ ನಿನ್ನ ಮೂರನೇ ಮಹಡಿಗೆ ಒಂದು ಬಕೆಟ್ ಕಳಿಸುವ ದಾರಿಯಿದ್ದಿದ್ದರೆ ಕಳಿಸುತ್ತಿದ್ದೆ.

ನೀನು ಕೇಳಿದ್ದ ಮಾತಿಗೆ ಬರುತ್ತೇನೆ. ಮದುವೆಯ ದಿನ ಕೊಟ್ಟ ಬೈಬಲ್ ಈಗ ಬೀರುವಿನ ಮೇಲಿದೆ, ಅದು ಅಲ್ಲೇ ಇರಲಿ, ಕಷ್ಟ ಬಂದಾಗ ತೆಗೆದು ಓದಿದರೆ ಸಾಲದೇ ಅಂತ ನಿನ್ನ ಗಂಡ ಗೈಸ್ಬರ್ಟ್ ಹೇಳುತ್ತಾನೆ ಎಂದು ಬರೆದಿದ್ದೀಯ. ಗೊತ್ತಿರುವ ಕಥೆಗಳನ್ನೇ ದಿನಾ ಊಟವಾದ ಮೇಲೆ ಓದುವುದು ಯಾಕೆ ಅಂತ ನೀನೂ ಕೇಳಿದ್ದೀಯ. ಬೇಜಾರಾಗಲಿಲ್ಲ, ಮಗಳೇ. ನಿನ್ನ ವಯಸ್ಸಿನಲ್ಲಿ ನನಗೂ ಹಾಗೇ ಅನ್ನಿಸುತ್ತಿತ್ತು. ಓದಾದ ಮೇಲೆ ಕುಡಿಯುವ ಗಂಜಿ ಆರಿಹೋಗುತ್ತಿರುವಾಗ ಯಾರ ಮಗ ಯಾರು ಎಂಬ ಪಟ್ಟಿ ಕೇಳುತ್ತಾ ಕೂರುವುದು ಯಾರಿಗೆ ಬೇಕು! ತರ್ಕ ಮಾಡಿ ಒಪ್ಪಿಸಲು ನನಗೆ ಬರುವುದಿಲ್ಲ, ಅದು ಪಾದ್ರಿಗಳ ಕೆಲಸ. ಈ ವಾರ ನಮ್ಮ ಮನೆಯಲ್ಲಿ ನಡೆದದ್ದನ್ನು ಬರೆಯುತ್ತೇನೆ.

ನಿಮ್ಮ ತಾತನ ಹಳೇ ಹಾಯಿದೋಣಿ ನಿನಗೆ ನೆನಪಿದೆಯಲ್ಲ, ಬಂದರಿನ ಮೂಲೆಯಲ್ಲಿ ಕೆಸರಿಗೆ ಒರಗಿ ನಿಂತಿರುತ್ತಿತ್ತು. ಅದು ಅಪ್ಪನಿಗೂ ಲೇಂದರ್ಟ್ ಚಿಕ್ಕಪ್ಪನಿಗೂ ಸೇರಿದ್ದು. ಚಿಕ್ಕಪ್ಪ ಸೊಂಟನೋವಿಗೆಂದು ಆಸ್ಪತ್ರೆ ಸೇರಿದ್ದಾಗ ಬಂದರಿನವರು ಬಂದು, ದೋಣಿ ಯಾವತ್ತು ಮುಳುಗುತ್ತೋ ಹೇಳೋಕಾಗಲ್ಲ, ತೆಗೆಸಿಬಿಡಿ ಎಂದರು. ಅಪ್ಪ ಯಾರನ್ನೂ ಕೇಳದೆ ಒಡೆಯುವವರಿಗೆ ಕೊಟ್ಟುಬಿಟ್ಟರು. ಹಾಸಿಗೆಯಲ್ಲಿರುವವನಿಗೆ ಯಾಕೆ ಸಂಕಟ ಕೊಡೋದು ಅನ್ನುವುದು ಅವರ ಲೆಕ್ಕ. ಚಿಕ್ಕಪ್ಪ ಗುರುವಾರ ಮನೆಗೆ ಬಂದ. ಬಸ್ಸಿಳಿಯುತ್ತಲೇ ಯಾರೋ ಹೇಳಿದ್ದಾರೆ.

ನಾವು ಆಗಷ್ಟೇ ಮಧ್ಯಾಹ್ನದ ಆಲೂಗೆಡ್ಡೆ, ಹುರುಳಿಕಾಯಿ ಮುಗಿಸಿದ್ದೆವು. ಅಪ್ಪ ಬೈಬಲ್ ಬಿಚ್ಚಿ ಓದಲು ಶುರುಮಾಡಿ ಎರಡು ಸಾಲೂ ಆಗಿರಲಿಲ್ಲ, ಬಾಗಿಲು ದಢಾರನೆ ತೆರೆಯಿತು. ಚಿಕ್ಕಪ್ಪನ ಮುಖ ಕೆಂಡದಂತಿತ್ತು. "ಅಣ್ಣಾ!" ಅಂತ ಒಂದೇ ಕೂಗು. ಆಮೇಲೆ ಮೇಜಿನ ಮೇಲೆ ತೆರೆದಿದ್ದ ಪುಸ್ತಕ ಕಂಡಿತು. ಅವನು ಬೆಳೆದದ್ದೂ ಅದೇ ಮೇಜಿನಲ್ಲೇ ಅಲ್ಲವೇ? ಓದು ಮುಗಿದು ಪ್ರಾರ್ಥನೆ ಆಗುವ ತನಕ ಯಾರೂ ಮಾತಾಡುವಂತಿಲ್ಲ, ಏಳುವಂತಿಲ್ಲ. ಅವನ ಕೈ ತಾನಾಗಿ ಮೇಲೆ ಹೋಗಿ ಟೋಪಿ ತೆಗೆಯಿತು. ಸೊಂಟ ಹಿಡಿದುಕೊಂಡು ಒಲೆಯ ಪಕ್ಕದ ಕುರ್ಚಿಯಲ್ಲಿ ಕೂತ, ಬುಸುಗುಟ್ಟುತ್ತಾ.

ಅಪ್ಪ ಓದುತ್ತಿದ್ದದ್ದು ವಿಮೋಚನಕಾಂಡದಲ್ಲಿ ದೇವರ ಗುಡಾರಕ್ಕೆ ಪರದೆ ಹೊಲಿಸುವ ಅಧ್ಯಾಯ. ಪರದೆ ಎಷ್ಟು ಮೊಳ ಉದ್ದ, ಎಷ್ಟು ಮೊಳ ಅಗಲ, ಅಂಚಿಗೆ ಎಷ್ಟು ಕುಣಿಕೆ, ಕುಣಿಕೆಗೆ ಎಷ್ಟು ಕೊಂಡಿ. ಅಪ್ಪನದು ಗೊತ್ತಲ್ಲ, ಬಲೆ ಎಳೆದ ಹಾಗೆ ನಿಧಾನ. ಚಿಕ್ಕಪ್ಪನ ಉಸಿರು ಮೊದಲು ಜೋರಾಗಿತ್ತು, ಆಮೇಲೆ ಇಳಿಯಿತು. ಕಡೆಗೆ ತಡೆಯಲಾಗಲಿಲ್ಲ ಅವನಿಗೆ.

"ಅಣ್ಣಾ, ಇನ್ನೂ ಎಷ್ಟು ಪರದೆ ಇದೆಯೋ?"

ಅಪ್ಪ ತಲೆಯೆತ್ತಲೇ ಇಲ್ಲ. "ಸುಮ್ನೆ ಕೂತ್ಕೋ. ಆಡಿನ ಕೂದಲಿಂದು ಬಾಕಿ ಇದೆ."

ದೇವರು ಕ್ಷಮಿಸಲಿ, ನಾನು ನಗು ತಡೆಯಲು ಬಾಯಿಗೆ ಏಪ್ರನ್ ಒತ್ತಿ ಹಿಡಿದೆ.

ಪ್ರಾರ್ಥನೆ ಮುಗಿದ ಮೇಲೆ ಜಗಳ ಆಗಲಿಲ್ಲ ಅಂತಲ್ಲ, ಆಯಿತು. ಆದರೆ ಕೂಗಾಡುವ ಗಂಟಲು ಅಷ್ಟರಲ್ಲಿ ಇಳಿದುಹೋಗಿತ್ತು. ಇದ್ದದ್ದು ನೋವು ಮಾತ್ರ, ಅದಷ್ಟೇ ಹೊರಗೆ ಬಂತು.

"ಅಪ್ಪನ ದೋಣಿ ಕಣೋ ಅದು. ನನ್ನನ್ನ ಒಂದು ಮಾತು ಕೇಳಬಾರದಿತ್ತಾ?"

"ಪೂರ್ತಿ ಕೊಳೆತುಹೋಗಿತ್ತು ಲೇಂದರ್ಟ್."

"ಕೊಳೆತಿತ್ತು ಅಂತ ನಂಗೊತ್ತಿಲ್ವಾ? ಕೇಳಿದ್ರೆ ನಾನೂ ಕೊಟ್ಟುಬಿಡು ಅಂತಿದ್ದೆ. ನೀನು ಕೇಳಲಿಲ್ಲ."

ನಾನು ಚಿಕ್ಕಪ್ಪನಿಗೆ, ಮಜ್ಜಿಗೆ ಗಂಜಿ ಕುಡಿದು ಹೋಗು ಅಂದೆ. "ಬೇಡ ಅತ್ತಿಗೆ, ಇವತ್ತು ಇಳಿಯಲ್ಲ," ಅಂದು ಹೊರಟೇಬಿಟ್ಟ.

ನಿನ್ನೆ ಬೆಳಿಗ್ಗೆ ಅಪ್ಪ ಕಾಫಿಗೂ ಕೂರದೆ ಅವನ ಮನೆಗೆ ಹೋದರು. ನಾನು ಕಳಿಸಿದ್ದಲ್ಲ. ಚಿಕ್ಕಮ್ಮ ಹೇಳಿದ ಪ್ರಕಾರ, ಬಾಗಿಲಲ್ಲೇ ನಿಂತು, "ಕೇಳಬೇಕಿತ್ತು. ತಪ್ಪು ನಂದು," ಅಂದರಂತೆ. ಚಿಕ್ಕಪ್ಪ ಬಹಳ ಹೊತ್ತು ಷೂ ಲೇಸು ಕಟ್ಟುತ್ತಾ ಕೂತಿದ್ದು, "ನಡಿ, ಏನಾದ್ರೂ ಉಳಿದಿದ್ಯಾ ನೋಡಣ" ಅಂದನಂತೆ. ಇಬ್ಬರೂ ದೋಣಿ ಒಡೆಯುವ ಅಂಗಳಕ್ಕೆ ಹೋಗಿ ಚುಕ್ಕಾಣಿಯ ಹಿಡಿಯನ್ನು ಹೊತ್ತು ತಂದಿದ್ದಾರೆ. ಯಾರ ಮನೆಯ ಗೋಡೆಗೆ ತೂಗುಹಾಕುವುದು ಅಂತ ಈಗ ಹೊಸ ಜಗಳ. ಇವತ್ತು ನಮ್ಮ ಅಡುಗೆಮನೆಯಲ್ಲಿ ಕೂತು ಎರಡು ಬಟ್ಟಲು ಗಂಜಿ ಕುಡಿಯುತ್ತಾ ಅದೇ ಜಗಳ ಆಡಿದರು. ಕೇಳಲು ಎಷ್ಟು ಹಿತವಾಗಿತ್ತು ಗೊತ್ತಾ!

ಕಷ್ಟ ಬಂದಾಗ ತೆಗೆದು ಓದೋಣ ಎನ್ನುವ ಮನೆಯಲ್ಲಿ ಗುರುವಾರ ಆ ಪುಸ್ತಕ ಬೀರುವಿನ ಮೇಲೇ ಇರುತ್ತಿತ್ತು, ನೆಲ್ಲಾ. ಸಿಟ್ಟು ನೆತ್ತಿಗೇರಿದವನು ಬೀರು ಹತ್ತಿ ಬೈಬಲ್ ಇಳಿಸುವುದಿಲ್ಲ.

ಇನ್ನೊಂದು ಮಾತು. ಪ್ರವಾಹದ ವರ್ಷ ನಿನಗೆ ಏಳು. ನಾವಿಬ್ಬರೂ ಕ್ರೌನಿಂಗನ್‌ನಲ್ಲಿ ನನ್ನ ತವರಿನ ಅಟ್ಟದ ಮೇಲೆ ಸಿಕ್ಕಿಕೊಂಡಿದ್ದೆವು. ಬೈಬಲ್ ಕೆಳಗೆ ನೀರಿನಲ್ಲಿತ್ತು. ಅದಕ್ಕಿಂತ ದೊಡ್ಡ ಕಷ್ಟ ನನಗೆ ಬಂದಿಲ್ಲ, ಆಗ ತೆರೆಯಲು ಪುಸ್ತಕವೇ ಇಲ್ಲ. ನನ್ನ ತುಟಿಗೆ ಬಂದದ್ದು ವರ್ಷಗಟ್ಟಲೆ ಗಂಜಿ ಆರುವಾಗ ಅರ್ಧ ಕಿವಿಯಲ್ಲಿ ಕೇಳಿದ ಕೀರ್ತನೆಗಳು. ಎಲ್ಲಿ ಕೂತಿದ್ದವೋ, ಒಂದರ ಹಿಂದೊಂದು ಎದ್ದು ಬಂದವು. ದೋಣಿ ಬರುವ ತನಕ ಅವುಗಳನ್ನೇ ಹೇಳುತ್ತಿದ್ದೆ. ನಿನಗೆ ಅರೆನಿದ್ದೆ. ಅಮ್ಮಾ, ಯಾರ ಹತ್ರ ಮಾತಾಡ್ತಿದ್ದೀಯ ಅಂತ ಕೇಳಿದ್ದೆ ನೀನು. ನನಗೆ ಆ ಪುಸ್ತಕದ ಮೇಲೆ ಆಸೆ ಹುಟ್ಟಿದ್ದು ಅಂದಿನಿಂದ. ಈಗ ಓದುವಾಗ ನಾನೇ ಪೂರ್ತಿ ಕಿವಿ ಕೊಡುತ್ತೇನೆ. ಒಂದೊಂದು ದಿನ ಏನೂ ತಾಗುವುದಿಲ್ಲ, ಸುಳ್ಳು ಯಾಕೆ ಹೇಳಲಿ. ಮತ್ತೊಂದು ದಿನ ನೂರು ಸಲ ಕೇಳಿದ ಸಾಲು ನನ್ನ ಹೆಸರು ಹಿಡಿದು ಕರೆದ ಹಾಗಿರುತ್ತದೆ. ಯಾವ ದಿನ ಯಾವುದು ಅಂತ ಮೊದಲೇ ತಿಳಿಯುವುದಿಲ್ಲವಲ್ಲ, ಅದಕ್ಕೇ ದಿನಾ ಕೂರುತ್ತೇವೆ.

ಗೈಸ್ಬರ್ಟ್ ಜೊತೆ ವಾದಕ್ಕೆ ಇಳಿಯಬೇಡ. ಬೈಬಲ್ ಇಳಿಸಿ ಧೂಳು ಒರೆಸಿ ಉಪ್ಪಿನ ಬಟ್ಟಲಿನ ಪಕ್ಕ ಇಡು. ಊಟವಾದ ಮೇಲೆ ಮಗುವಿಗೆ ಅಂತ ನಾಲ್ಕು ಸಾಲು ಓದು. ಅವನಿಗೂ ಕಿವಿಯಿದೆ.

ಕ್ರಿಸ್‌ಮಸ್‌ಗೆ ಮೂವರೂ ಬನ್ನಿ. ಮಗುವಿನ ಕೆನ್ನೆಗೆ ನನ್ನ ಮುತ್ತು.

ನಿನ್ನ ದಾರಿ ನೋಡುತ್ತಿರುವ,
ಅಮ್ಮ
ಯಾಕೊಮಿನ

ತಾ.ಕ.: ಕಾಗದ ಮಡಿಸಿದ ಮೇಲೆ ಮತ್ತೆ ಬಿಚ್ಚಿದ್ದೇನೆ. ಅಪ್ಪನಿಗೆ ಹೇಳಬೇಡ. ಗುರುವಾರ ಸರದಿಯಂತೆ ಓದಬೇಕಿದ್ದದ್ದು ಪರದೆಗಳದ್ದಲ್ಲ. ಅಂದು ನಾವು ಮತ್ತಾಯನ ಸುವಾರ್ತೆಯಲ್ಲಿದ್ದೆವು. ನಿನ್ನ ಸಹೋದರನಿಗೆ ನಿನ್ನ ಮೇಲೆ ಮನಸ್ತಾಪವಿದ್ದರೆ ಮೊದಲು ಹೋಗಿ ಅವನೊಂದಿಗೆ ಸಮಾಧಾನವಾಗು ಎಂದು ಯೇಸು ಹೇಳುವ ಭಾಗ ಬರುವುದಿತ್ತು. ಅಪ್ಪ ಕಿಟಕಿಯಲ್ಲಿ ತಮ್ಮ ಬರುವುದನ್ನು ಕಂಡರು, ಒಂದು ಹಿಡಿ ಹಾಳೆ ಹಿಂದಕ್ಕೆ ಮಗುಚಿದರು. ಇಷ್ಟು ವರ್ಷಗಳಲ್ಲಿ ಅವರು ಸರದಿ ತಪ್ಪಿಸಿದ್ದನ್ನು ನಾನು ಕಂಡೇ ಇಲ್ಲ. ಮುಖ ತಪ್ಪಿಸಿಕೊಳ್ಳುತ್ತಿದ್ದಾರೆ ಅಂದುಕೊಂಡು ಒಳಗೊಳಗೇ ಸಿಟ್ಟಾದೆ. ಮರುದಿನ ಬೆಳಿಗ್ಗೆ ನಾವಿಬ್ಬರೇ ಇದ್ದಾಗ ಬಿಟ್ಟ ಭಾಗವನ್ನು ತೆರೆದು ಗಟ್ಟಿಯಾಗಿ ಓದಿದರು. ನಿನ್ನೆಯೇ ಯಾಕೆ ಓದಲಿಲ್ಲ ಎಂದು ಕೇಳಿದೆ. ಟೋಪಿ ಹಾಕಿಕೊಳ್ಳುತ್ತಾ ಹೇಳಿದರು: "ಅದು ನನಗೆ ಬಂದ ಮಾತು. ಅವನ ಮುಂದೆ ಓದಿದ್ರೆ ಅವನಿಗೆ ಹೇಳಿದ ಹಾಗಾಗ್ತಿತ್ತು."