ಬಾಗಿಲಲ್ಲಿ ಬಿಚ್ಚಿಟ್ಟ ಬೂಟುಗಳು

ರಸ್ತೆ ಕಾಮಗಾರಿಯ ದೊಡ್ಡ ಸಾಹೇಬರ ಸನ್ನಿಧಾನಕ್ಕೆ,

ಮಾನ್ಯರೇ, ನಾರಾಯಣಪೇಟೆಯ ದೊರೆ ಗುಡಿಯ ಪಕ್ಕದ ಕೋಣೆಯಲ್ಲಿ ನೀವು ಇಡಿಸಿರುವ ಬಾರೂದನ್ನು ಕ್ರಿಸ್‌ಮಸ್ಸಿನ ಮುಂಚಿನ ಸಂಜೆಯೊಳಗೆ ತೆಗೆಸಿ. ಕುಶಲ ವಿಚಾರಿಸಿ ಆಮೇಲೆ ವಿಷಯಕ್ಕೆ ಬರುವಷ್ಟು ಪುರುಸೊತ್ತು ನನಗಿಲ್ಲ. ಮಕ್ತಲ್ ರಸ್ತೆಗೆ ಅಡ್ಡವಾದ ಬಂಡೆ ಸಿಡಿಸಲು ತಂದ ಬಾರೂದು ಈಗ ನನ್ನ ಮನೆಯ ಗೋಡೆಗೆ ಒರಗಿ ಕುಳಿತಿದೆ. ಆ ಕೋಣೆಯ ಹೊಸ್ತಿಲಲ್ಲಿ ನನ್ನ ತಾಯಿ ದಿನಾ ಸಂಜೆ ದೀಪ ಹಚ್ಚುತ್ತಾಳೆ.

ಆ ಗುಡಿಯನ್ನು ನೀವು ಬರೀ ಗೋದಾಮು ಎಂದು ತಿಳಿದಂತಿದೆ. ಇಂಗ್ರೇಜರ ದಂಡು ಇಲ್ಲಿ ಬೀಡುಬಿಟ್ಟಿದ್ದಾಗ ಅವರ ಅಧಿಕಾರಿಗಳು ಕಟ್ಟಿಸಿದ ಚರ್ಚು ಅದು; ದೊರೆಗಳು ಕಟ್ಟಿಸಿದ್ದೆಂದು ಊರವರ ಬಾಯಲ್ಲಿ ದೊರೆ ಗುಡಿ. ದಂಡು ಹೋಯಿತು, ಗಂಟೆ ಉಳಿಯಿತು. ನಮ್ಮೂರ ಕ್ರೈಸ್ತ ಪೆದ್ದಯ್ಯ, ಅವನ ಹೆಂಡತಿ ಅನ್ನಮ್ಮ, ಅವರ ಬಳಗದವರು ಇವತ್ತಿಗೂ ಭಾನುವಾರ ಅಲ್ಲಿ ತೆಲುಗಿನಲ್ಲಿ ಹಾಡುತ್ತಾರೆ. ರಾಯಚೂರಿನಿಂದ ಪಾದ್ರಿಗಳು ತಿಂಗಳಿಗೊಮ್ಮೆ ಬರುತ್ತಾರೆ. ಪೂಜೆಯ ಮೇಜಿಗೆ ಹಾಸುವ ಬಟ್ಟೆಯನ್ನು ನಮ್ಮ ಓಣಿಯ ನೇಕಾರ ಮಾರ್ಕಂಡೇಯ ನೇಯುತ್ತಾನೆ, ನಮ್ಮ ಪೇಟೆಯ ಸೀರೆಯ ಅಂಚನ್ನೇ ಅದಕ್ಕೂ ಕೂಡಿಸಿ. ಪ್ಲೇಗು ಬಂದ ವರ್ಷ ಊರೆಲ್ಲ ಹೊಲಗಳಿಗೆ ಓಡಿದಾಗ, ಗಡ್ಡೆ ಎದ್ದು ಬಿದ್ದಿದ್ದ ನನ್ನ ತಾಯಿ ವೀರಬಸಮ್ಮನನ್ನು ಒಳಗೆ ಕರೆದು, ಬೆಂಚು ಸರಿಸಿ ಮಲಗಿಸಿದವರು ಅಂದಿನ ಪಾದ್ರಿ. ಕೊರಳಲ್ಲಿ ಲಿಂಗವಿದೆ ಎಂದು ಅವರು ಹಿಂದೆಮುಂದೆ ನೋಡಲಿಲ್ಲ. ಅವಳು ಬದುಕಿದಳು. ಅಂದಿನಿಂದ ಪ್ರತಿ ಕ್ರಿಸ್‌ಮಸ್ಸಿನ ಮುಂಚಿನ ಸಂಜೆ ಅಲ್ಲಿಯ ದೊಡ್ಡ ಮೇಣದಬತ್ತಿಯಿಂದ ಕಂದೀಲು ಹೊತ್ತಿಸಿಕೊಂಡು ಮನೆಗೆ ತರುತ್ತಾಳೆ. ಅವಳನ್ನು ನೋಡಿ ಓಣಿಗೆ ಓಣಿಯೇ ಅದನ್ನು ರೂಢಿ ಮಾಡಿಕೊಂಡಿದೆ.

ಈಗ ನಿಮ್ಮ ಪಹರೆಯವನ ಸಂಗತಿ. ಚರ್ಚಿನೊಳಗೆಲ್ಲ ಅವನು ಬೂಟುಗಾಲಲ್ಲೇ ಟಕಟಕ ಓಡಾಡುತ್ತಾನೆ. ಆ ಕೋಣೆಯ ಬಾಗಿಲಿಗೆ ಬಂದಾಗ ಮಾತ್ರ ಬಗ್ಗಿ ಬೂಟು ಬಿಚ್ಚಿ, ಸೊಂಟದ ಪಟ್ಟಿ ತೆಗೆದಿಟ್ಟು, ಬರಿಗಾಲಲ್ಲಿ ಮೆತ್ತಗೆ ಒಳಗೆ ಹೋಗುತ್ತಾನೆ. ಬೂಟಿನ ಮೊಳೆ ಕಲ್ಲಿಗೆ ತಾಗಿ ಒಂದು ಕಿಡಿ ಹಾರಿದರೆ ಮುಗಿಯಿತೆಂದು ನಿಮಗೂ ಅವನಿಗೂ ಗೊತ್ತು. ಓಣಿಯವರಿಗೆ? ಒಳಗೇನಿದೆಯೆಂದು ಯಾರಿಗೂ ಹೇಳಕೂಡದೆಂದು ನಿಮ್ಮದೇ ಹುಕುಂ. ಸರಕಾರದ ಮನುಷ್ಯನೇ ಕಾಲ್ಮರೆ ಬಿಚ್ಚುತ್ತಾನೆಂದರೆ ಒಳಗೆ ಎಂಥ ಮಹಾತ್ಮನೋ ಎಂದುಕೊಂಡರು ನಮ್ಮ ಹೆಂಗಸರು. ಮೊದಲು ಹೂವು ಬಂತು, ಆಮೇಲೆ ಊದಿನಕಡ್ಡಿ, ಈಗ ಎಣ್ಣೆದೀಪ. ಅವನು ಗದರಿದಷ್ಟೂ ಇದು ಬಲು ಮಡಿಯ ಸ್ಥಳವೆಂಬ ನಂಬಿಕೆ ಬಲಿಯಿತು. ಕಡೆಗೆ ಅವನೇ ನನ್ನನ್ನು ಮರೆಗೆ ಕರೆದ.

“ಅಯ್ಯಾರ, ನಿಮ್ಮ ಅವ್ವಗ ಹೇಳ್ರಿ. ಒಳಗಿರೋದು ಬಾರೂದು ಐತ್ರಿ. ನಾ ಬಾಯಿ ಬಿಟ್ಟರ ನೌಕರಿ ಹೋಗತೈತಿ, ಬಿಡಲಿಲ್ಲಂದ್ರ ಜೀವ ಹೋಗತೈತಿ.”

ಹೇಳಿದೆ. ಅವಳು ನನ್ನ ಮುಖ ನೋಡಿ ನಕ್ಕುಬಿಟ್ಟಳು.

“ಯಾರಿಗಿ ಹೇಳ್ತಿ ಮಹಾಂತು? ದೊರಿ ಗುಡಿಯಾಗ ಬೂಟ ಬಿಚ್ಚಲಾರದಾಂವ ಆ ಬಾಗಲದಾಗ ಬಿಚ್ಚತಾನ. ಬಾರೂದಿಗಿ ಯಾರರ ಬೂಟ ಬಿಚ್ಚತಾರೇನೋ?”

“ಬಾರೂದಿಗೇ ಬಿಚ್ಚತಾರಬೇ!”

“ಸುಮ್ಮನ ಕೂಡು. ದೇವರ ಮ್ಯಾಲ ಹಂಗೆಲ್ಲ ಮಾತಾಡಬ್ಯಾಡ.”

ದೀಪ ಎತ್ತಿಟ್ಟೆ. ನೆರೆಮನೆಯ ಕಿಷ್ಟಮ್ಮ ಓಣಿಗೆಲ್ಲ ಕೇಳುವಂತೆ ನನಗೆ ಛೀಮಾರಿ ಹಾಕಿ ಇನ್ನೊಂದು ಹಚ್ಚಿದಳು. ಗಾಳಿ ಬೀಸಿದಾಗ ಅದರ ಕುಡಿ ಬಾಗಿಲ ಸಂದಿಯ ಕಡೆಗೆ ಬಾಗುತ್ತದೆ. ಅದು ನೆಟ್ಟಗಾಗುವ ತನಕ ನಾನು ಅಂಗೈ ಅಡ್ಡ ಹಿಡಿದು ನಿಲ್ಲುತ್ತೇನೆ, ಸಾಹೇಬರೇ. ಹೆದರಿಕೆ ಎಂದು ಬರೆಯಲು ನನಗೆ ನಾಚಿಕೆಯಿಲ್ಲ.

ನಿಮ್ಮ ಕಚೇರಿಗೂ ಬಂದೆ. ನಿಮ್ಮ ಪೇಶಕಾರರು ಎಲೆಯಡಿಕೆ ಹಾಕಿಕೊಳ್ಳುತ್ತ, “ದಪ್ಪ ಗ್ವಾಡಿ, ಒಣಾ ಜಾಗಾ. ಇಂಥಾದ್ದು ಮತ್ತೆಲ್ಲಿ ಸಿಗತೈತ್ರಿ? ಬಂಡಿಗಲ್ಲ ಸಿಡಿಸೋದು ಮುಗೀಲಿ, ಆಮ್ಯಾಲ ನೋಡೋಣು” ಎಂದರು. ಅಂದರೆ ಬಂಡೆ ಸಿಡಿದು ಮುಗಿಯುವ ತನಕ ನಾವು ಸಿಡಿಯದೆ ತಡೆದುಕೊಂಡಿರಬೇಕು! ಪ್ರಜೆಗಳಿಂದ ಇಷ್ಟು ಸಹಕಾರವನ್ನು ಬೇರೆ ಯಾವ ಸರಕಾರ ಕೇಳೀತು? ಈ ಕಾಗದವನ್ನು ಪತ್ರಿಕೆಗೂ ಕಳಿಸಿದ್ದೇನೆ; ಗುಟ್ಟು ರಟ್ಟು ಮಾಡಿದೆನೆಂದು ನನ್ನನ್ನು ಹಿಡಿಸುವುದಾದರೆ ಹಿಡಿಸಿ. ಜೈಲಿನ ಗೋಡೆಯಾಚೆ ಬಾರೂದು ಇರಲಾರದು.

ಕ್ರಿಸ್‌ಮಸ್ಸಿನ ಮುಂಚಿನ ಸಂಜೆ ಅನ್ನಮ್ಮ ಗಂಟೆ ಬಾರಿಸುತ್ತಾಳೆ. ಓಣಿಯ ಮನೆಮನೆಯ ಕಂದೀಲೂ ಹೊತ್ತಿಕೊಂಡು ಆ ಕೋಣೆಯ ಮುಂದೆಯೇ ಹಾಯ್ದು ಬರುತ್ತದೆ. ಈ ಸಲ ಹೊಸ ಮಹಾತ್ಮನಿಗೂ ಬೆಳಗಿಯೇ ಮನೆಗೆ ಹೋಗಬೇಕೆಂದು ನನ್ನ ತಾಯಿ ಎಲ್ಲರಿಗೂ ಹೇಳಿಟ್ಟಿದ್ದಾಳೆ.

ಆದ್ದರಿಂದ ಅದಕ್ಕೆ ಮೊದಲೇ ಬಂಡಿ ಕಳಿಸಿ, ಹಾಡುಹಗಲೇ, ಎಲ್ಲರೂ ನೋಡುವಂತೆ ಹೊರಗೆ ಸಾಗಿಸಿ. ಬರೀ ವಿಚಾರಣೆಗೆಂದು ನೀವೊಬ್ಬರೇ ಬರಬೇಡಿ. ಬೂಟು ಹಾಕಿಕೊಂಡು ಆ ಹೊಸ್ತಿಲು ದಾಟಿದರೆ ನಾವೆಲ್ಲ ಹೋದೆವು. ಬಿಚ್ಚಿ ದಾಟಿದಿರೋ, ನನ್ನ ತಾಯಿ ದೀಪ ಹಿಡಿದು ನಿಮ್ಮ ಹಿಂದೆಯೇ ಒಳಗೆ ಬರುತ್ತಾಳೆ.

ಇಂತಿ,
ಇದು ಅಚ್ಚಾಗುವ ಹೊತ್ತಿಗೂ ಇದೇ ವಿಳಾಸದಲ್ಲಿರುವ ಆಸೆಯುಳ್ಳ,
ಮಹಾಂತಯ್ಯ
ದೊರೆ ಗುಡಿಯ ಗೋಡೆ ಪಕ್ಕ, ನಾರಾಯಣಪೇಟೆ